ಮೊದಲು ಸಿಹಿ, ಆಮೇಲೆ ಹಾಲು

ನೀರು ಹಂಚಿಕೆಯಾದ ಮೇಲಿನ ನೂರ ಎಂಬತ್ತೆರಡನೇ ವರ್ಷ, ಹದಿಮೂರನೇ ತಿಂಗಳು
ಚಿನ್ನದ ಗಣಿಯ ಊರು, ನೆರಳುಸಾಲು

ನನ್ನ ಹಿಂದಿನ ತಾಯಂದಿರಿಗೆ ವಾರಿಜೆ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಿಮಗೆ ವಿಚಿತ್ರವೆನಿಸಬಹುದು. ಬೇಸಿಗೆ ಉದ್ದವಾಗುತ್ತ ಹೋದಾಗ ಅದಕ್ಕೆಂದೇ ಒಂದು ತಿಂಗಳನ್ನು ನಮ್ಮ ಹಿರಿಯರು ಸೇರಿಸಿದರು; ನಮಗೆ ಅದು ರೂಢಿಯಾಗಿದೆ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ಹೊಸವಾಗಿ ಕಾಣುತ್ತವೆ. ಬಂದ ಹಾಗೆಯೇ ಬಿಡಿಸಿ ಹೇಳುತ್ತೇನೆ, ತೊಡಕಾದರೆ ಕ್ಷಮಿಸಿ. ನಮ್ಮೂರಲ್ಲಿ ಮಗುವಿಗೆ ವರ್ಷ ತುಂಬಿದಾಗ ತಾಯಿಯಾದವಳು ಹಿಂದಿನವರಿಗೆ ಒಂದು ಕಾಗದ ಬರೆದು ಹಳೆಯ ಗಣಿಯ ಬಾವಿಗೆ ಹಾಕುವ ಪದ್ಧತಿಯಿದೆ. ಎಲ್ಲರೂ ಸಂತೋಷದ ಸುದ್ದಿಯನ್ನೇ ಬರೆಯುತ್ತಾರೆ ಎಂದು ಕೇಳಿದ್ದೇನೆ. ನನ್ನ ಕಾಗದದಲ್ಲಿ ಹೆಚ್ಚಾಗಿ ಇರುವುದು ಹೊಟ್ಟೆಕಿಚ್ಚು.

ನಿಮ್ಮ ಕಾಲಕ್ಕೂ ಹಿಂದೆ ಚಿನ್ನ ತೆಗೆದು ಖಾಲಿ ಮಾಡಿದ ಕೋಲಾರದ ಸುರಂಗಗಳಲ್ಲಿ ನಾವಿದ್ದೇವೆ. ಬೇಸಿಗೆಯಲ್ಲಿ ಮೇಲೆ ನೆಲ ಸುಡುವಾಗ ಮೊದಲ ಮಟ್ಟದ ಸುರಂಗಗಳು ತಂಪಾಗಿರುತ್ತವೆ. ಅಲ್ಲಿ ಸಾಲಾಗಿ ಕೊರೆದ ಮನೆಗಳೇ ನೆರಳುಸಾಲು. ಇನ್ನೂ ಕೆಳಗೆ ಇಳಿದಂತೆ ಬಂಡೆ ಬೆಚ್ಚಗಾಗುತ್ತ ಹೋಗುತ್ತದೆ. ಒಂದು ಆಳದಲ್ಲಿ ಗೋಡೆಗೆ ಕೈಯಿಟ್ಟರೆ ಮನುಷ್ಯರ ಮೈ ಮುಟ್ಟಿದಂತೆಯೇ ಇರುತ್ತದೆ. ಅದನ್ನು ಒಡಲುಮಟ್ಟ ಎನ್ನುತ್ತೇವೆ. ನಾನು ಕೆಲಸ ಮಾಡುವುದು ಅಲ್ಲಿ. ಬೆಂಕಿಯಿಲ್ಲದೆ, ಕರೆಂಟಿಲ್ಲದೆ, ಬಂಡೆಯ ಕಾವಿನಲ್ಲೇ ದೊಡ್ಡ ದೊಡ್ಡ ಗಡಿಗೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಅವುಗಳಿಂದ ಔಷಧಿ ಮಾಡಿಸುತ್ತೇವೆ. ಕೆಲಸದವರ ಬಾಯಲ್ಲಿ ಅವು 'ಕಿರಿಯರು'. ನನ್ನ ಗಂಡ ಬೈರೇಶ ಗಣಿಯ ಲಿಫ್ಟು ನಡೆಸುತ್ತಾನೆ. ಅವನ ತಂಗಿ ಮಂದಾರ ನಮ್ಮ ಜೊತೆಗೇ ಇದ್ದಾಳೆ. ಅವಳ ಗಂಡ ಮಂಗಳೂರಿನ ಕಡಲಗೋಡೆಯ ಕೆಲಸಕ್ಕೆ ಹೋದವನು ವರ್ಷಕ್ಕೊಮ್ಮೆ ಬರುತ್ತಾನೆ.

ಕಿರಿಯರ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದೆ ನಡೆದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಹಾಲಿನ ಸಕ್ಕರೆಯನ್ನು ಕತ್ತರಿಸುವ ಕಿಣ್ವಕ್ಕೆ ಅವುಗಳಲ್ಲಿ ಒಂದು ಜೀನ್ ಇದೆ. ಸುಮ್ಮನೆ ಇರುವಾಗ ಆ ಜೀನಿನ ಬಾಗಿಲಲ್ಲಿ ಒಂದು ಕಾವಲು ಪ್ರೋಟೀನ್ ಕೂತು ದಾರಿ ಕಟ್ಟಿರುತ್ತದೆ. ಹಾಲಿನ ಸಕ್ಕರೆ ಒಳಗೆ ಬಂದರೆ ಅದು ಹೋಗಿ ಆ ಕಾವಲಿಗೆ ಅಂಟಿಕೊಳ್ಳುತ್ತದೆ, ಕಾವಲು ಹಿಡಿತ ಬಿಡುತ್ತದೆ, ಜೀನ್ ತೆರೆದುಕೊಳ್ಳುತ್ತದೆ. ಆ ಜೀನಿನ ಬೆನ್ನಿಗೇ ನಾವು ಔಷಧಿಯ ಜೀನನ್ನೂ ಸೇರಿಸಿಟ್ಟಿರುವುದರಿಂದ ಒಂದು ತೆರೆದರೆ ಎರಡೂ ತೆರೆಯುತ್ತವೆ. ಆದರೆ ಗಡಿಗೆಯಲ್ಲಿ ಗ್ಲೂಕೋಸ್ ಇದ್ದರೆ ಎಷ್ಟು ಹಾಲಿನ ಸಕ್ಕರೆ ಸುರಿದರೂ ಅವು ಅದರ ಕಡೆ ತಿರುಗಿ ನೋಡುವುದಿಲ್ಲ. ಸುಲಭದ ಸಿಹಿಯನ್ನು ಮೊದಲು ತಿಂದು ಮುಗಿಸುತ್ತವೆ. ಆಮೇಲೆ ಬೆಳೆಯುವುದನ್ನೇ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತವೆ. ಆಮೇಲೆ ಹಾಲಿನ ಸಕ್ಕರೆಗೆ ಬಾಯಿ ಹಾಕುತ್ತವೆ. ಆ ನಡುವಿನ ಸುಮ್ಮನಿರುವ ಹೊತ್ತು ನನಗೆ ಬಹಳ ಇಷ್ಟವಾಗಿತ್ತು. ಗಡಿಗೆಗೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚುತ್ತಿದ್ದೆ.

ನಾನೂ ಮಂದಾರಳೂ ಒಂದೇ ವಾರದಲ್ಲಿ ಹೆತ್ತೆವು. ನನಗೆ ಹೆಣ್ಣು, ತೊರೆ ಎಂದು ಹೆಸರಿಟ್ಟೆವು. ಅವಳಿಗೆ ಗಂಡು, ಹೊನ್ನ. ನನ್ನ ಎದೆಯಲ್ಲಿ ಹಾಲು ಉಕ್ಕಿ ಬಂತು. ರವಿಕೆ ಬದಲಿಸಿ ಬದಲಿಸಿ ಸಾಕಾಯಿತು. ತೊರೆ ಆಸೆಯಿಂದ ಕುಡಿದಳು. ಕುಡಿದದ್ದೆಲ್ಲ ಕಾರಿದಳು. ವಾರ ಕಳೆಯುವಷ್ಟರಲ್ಲಿ ಅವಳ ಕಣ್ಣಿನ ಬಿಳಿ ಹಳದಿಯಾಯಿತು, ಎಬ್ಬಿಸಿದರೂ ಏಳದಂಥ ಮಂಪರು ಹಿಡಿಯಿತು. ಆಸ್ಪತ್ರೆಯ ಡಾಕ್ಟರ್ ನಫೀಸಾ ರಕ್ತ ನೋಡಿ, ಮಗುವನ್ನು ನನ್ನ ಮಡಿಲಿಂದ ತಾವೇ ಎತ್ತಿಕೊಂಡರು.

"ವಾರಿಜಾ, ಇನ್ನು ಹಾಲು ಕೊಡಬೇಡಮ್ಮ. ನಿನ್ನ ಹಾಲಷ್ಟೇ ಅಲ್ಲ, ಯಾರ ಹಾಲೂ, ಯಾವ ಹಾಲೂ ಬೇಡ. ಇವಳಿಗೆ ಅದು ವಿಷ."

ಹಾಲಿನ ಸಕ್ಕರೆ ಎರಡು ಸಕ್ಕರೆಗಳ ಜೋಡಿ. ಅದನ್ನು ಕತ್ತರಿಸಲು ತೊರೆಗೆ ಬರುತ್ತಿತ್ತು. ಕತ್ತರಿಸಿದ ಮೇಲೆ ಸಿಗುವ ಎರಡು ತುಂಡುಗಳಲ್ಲಿ ಒಂದನ್ನು ಅರಗಿಸಿಕೊಳ್ಳುವ ಜೀನ್ ಅವಳಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಮುಚ್ಚಿದ ಜೀನಾಗಿದ್ದರೆ ತೆರೆಯುವ ಕೆಲಸ ನನಗೆ ಗೊತ್ತಿತ್ತು. ಇದು ಮುಚ್ಚಿದ್ದಲ್ಲ, ಮುರಿದದ್ದು. ಅದೇ ಜೀನು ನನ್ನ ಗಡಿಗೆಯ ಪ್ರತಿಯೊಂದು ಕಿರಿಯನಲ್ಲೂ ನೆಟ್ಟಗೆ ಇತ್ತು. ಕೆಲಸಕ್ಕೆ ಮರಳಿದ ದಿನ ಗಡಿಗೆಗೆ ಹಾಲಿನ ಸಕ್ಕರೆ ಸುರಿದು, ಅವು ಅದನ್ನು ತಿಂದು ಕೊಬ್ಬುವುದನ್ನು ನೋಡುತ್ತ ನಿಂತೆ. ಕಣ್ಣಿಗೆ ಕಾಣದ ಹುಳುಗಳ ಮೇಲೆ ಮನುಷ್ಯರು ಕರುಬುವುದುಂಟೇ ಎಂದು ನೀವು ನಗಬಹುದು. ನಾನು ಕರುಬಿದೆ. ಅಂದಿನಿಂದ ಆ ಗಡಿಗೆಗೆ ಬೆನ್ನು ಕೊಟ್ಟು ಊಟ ಮಾಡಿಲ್ಲ.

ತೊರೆ ಸೋಯಾ ಹಾಲಿನಲ್ಲಿ ಚೇತರಿಸಿಕೊಂಡಳು. ಇತ್ತ ಮಂದಾರಳ ಹಾಲು ಬತ್ತುತ್ತ ಬಂತು, ಹೊನ್ನ ಹಸಿವಿನಿಂದ ಕಿರುಚುತ್ತಿದ್ದ. ನಮ್ಮೂರಲ್ಲಿ ಹಸು ಎಂದರೆ ಚಿತ್ರದಲ್ಲಿ ನೋಡುವ ಪ್ರಾಣಿ. ಆಡಿನ ಹಾಲೂ ಔಷಧಿಯ ಗಡಿಗೆಗಳಿಗೇ ಸಾಲದು. ಸೋಯಾ ಪುಡಿ ಕೊಡುವುದು ತೊರೆಯಂಥ ಮಕ್ಕಳಿಗೆ ಮಾತ್ರ. ಒಂದು ಸಂಜೆ ನಾನು ಎದೆ ಹಿಂಡಿ ಹಾಲನ್ನು ಬಚ್ಚಲಿಗೆ ಚೆಲ್ಲುತ್ತಿದ್ದಾಗ ಮಂದಾರ ಬಾಗಿಲಲ್ಲಿ ಬಂದು ನಿಂತಳು.

"ಅತ್ತಿಗೆ, ಕೇಳೋಕೆ ಬಾಯಿ ಬರ್ತಿಲ್ಲ," ಎಂದಳು.

"ಕೇಳಬೇಡ. ತಗೊಂಡು ಬಾ ಅವನನ್ನ."

ಹೊನ್ನ ನನ್ನ ಎದೆಗೆ ಬಿದ್ದು ಗಟಗಟ ಕುಡಿದ. ನೋವಿಳಿಯಿತು. ತೊರೆ ಪಕ್ಕದ ಚಾಪೆಯಲ್ಲಿ ಮಲಗಿ ನನ್ನ ಹಾಲಿನ ವಾಸನೆ ಬಂದ ಕಡೆಗೆ ಮುಖ ತಿರುಗಿಸಿ ಅಳತೊಡಗಿದಳು. ನಾನು ಎತ್ತಿಕೊಂಡರೆ ಬಾಟಲಿಯನ್ನು ತಳ್ಳಿ ಎದೆಯನ್ನೇ ತಡಕುತ್ತಿದ್ದಳು. ಹಾಲಿನ ವಾಸನೆಯಿಲ್ಲದ ಮಡಿಲಲ್ಲಿ ಮಾತ್ರ ಬಾಟಲಿ ಕುಡಿಯುತ್ತಿದ್ದಳು. ಆ ಮಡಿಲು ಮಂದಾರಳದು. ಹೀಗೆ ಅವಳ ಮಗ ನನ್ನ ತೊಡೆಗೆ ಬಂದ, ನನ್ನ ಮಗಳು ಅವಳ ತೊಡೆಗೆ ಹೋದಳು. ಯಾರೂ ಕೂತು ತೀರ್ಮಾನಿಸಲಿಲ್ಲ. ಎರಡು ಮಕ್ಕಳ ಹೊಟ್ಟೆ ತುಂಬುತ್ತಿತ್ತು, ಮನೆ ಶಾಂತವಾಗಿತ್ತು. ಬೈರೇಶ ಸಂಜೆ ಬಂದವನು ಇಬ್ಬರನ್ನೂ ನೋಡಿ, "ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದೀರಿ," ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊರೆ ಮೊದಲು ನಕ್ಕದ್ದು ಮಂದಾರಳನ್ನು ನೋಡಿ. ಎರಡನೆಯ ಸಲವೂ ಅವಳನ್ನೇ ನೋಡಿ. ಮಂದಾರ ಅದನ್ನು ನನಗೆ ತೋರಿಸಲೆಂದು ಮಗುವನ್ನು ನನ್ನ ಕಡೆ ತಿರುಗಿಸಿದಳು, ನಗು ನಿಂತಿತು. "ಈಗ ತಾನೇ ನಗ್ತಾ ಇದ್ಲು ಅತ್ತಿಗೆ," ಎಂದಳು ಪಾಪದವಳು. ಅವಳದ್ದೇನೂ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗುವಿಗೆ ನಾಲ್ಕು ತಿಂಗಳಾಗುವಾಗ ಡಾಕ್ಟರ್ ನಫೀಸಾ ನನ್ನನ್ನು ಕರೆಸಿದರು. ಹೊಸದೊಂದು ಚಿಕಿತ್ಸೆ ಬಂದಿದೆ ಎಂದರು. ಅದನ್ನು ಕರುಳಬಂಟ ಎನ್ನುತ್ತಾರೆ: ಕಿರಿಯರ ಜಾತಿಯದೇ ಬ್ಯಾಕ್ಟೀರಿಯಾ, ಮಗುವಿನ ಕರುಳಲ್ಲಿ ನೆಲೆಸಿ, ಹಾಲಿನ ಸಕ್ಕರೆ ಬಂದ ಕೂಡಲೇ ಜೀನ್ ತೆರೆದು, ಅದು ರಕ್ತಕ್ಕೆ ಸೇರುವ ಮೊದಲೇ ತಾವೇ ನುಂಗಿಬಿಡುತ್ತವೆ. ನಾಲ್ಕು ಹನಿ ನಾಲಿಗೆಗೆ ಬಿಟ್ಟರೆ ಸಾಕು.

"ನಿನಗೆ ಹಾಲು ಇನ್ನೂ ಇದೆಯಾ?" ಎಂದು ಕೇಳಿದರು.

"ಇದೆ," ಎಂದೆ. ಹೊನ್ನನ ದಯೆ ಅದು. "ಮೇಡಂ, ಬಂಟರಿಗೂ ಗ್ಲೂಕೋಸ್ ಕಂಡರೆ ಆಸೆ ತಾನೇ?"

"ಅದೇ ತೊಂದರೆ. ಬೇರೆ ಸಿಹಿ ಏನೂ ಹೊಟ್ಟೆಗೆ ಹೋಗಬಾರದು. ನಿನ್ನ ಹಾಲೊಂದೇ. ಸೋಯಾ ಹಾಲಿನಲ್ಲಿ ಗ್ಲೂಕೋಸ್ ಇರುತ್ತೆ, ಆ ಬಾಟಲಿ ಪೂರ್ತಿ ಬಂದ್."

ನನ್ನ ಹಾಲೊಂದೇ. ಆ ಮಾತನ್ನು ಲಿಫ್ಟಿನಲ್ಲಿ ಮನೆ ತಲುಪುವವರೆಗೂ ಮತ್ತೆ ಮತ್ತೆ ಹೇಳಿಕೊಂಡೆ.

ತೊರೆ ನನ್ನ ಎದೆ ಹಿಡಿದಳು. ಮೊದಲ ದಿನ ಆಸ್ಪತ್ರೆಯಲ್ಲೇ ಕುಡಿಸಿ, ರಕ್ತ ನೋಡಿ, ಸರಿಯಿದೆ ಎಂದು ಕಳಿಸಿದರು. ಆ ದಿನಗಳನ್ನು ಹೇಗೆ ವರ್ಣಿಸಲಿ? ಅವಳ ಒಂದು ಕೈ ನನ್ನ ಕುತ್ತಿಗೆಯ ಹತ್ತಿರ ಸುಮ್ಮನೆ ಆಡುತ್ತಿತ್ತು. ಕುಡಿಯುತ್ತ ಕುಡಿಯುತ್ತ ನಿಲ್ಲಿಸಿ ನನ್ನ ಮುಖ ನೋಡಿ, ಮತ್ತೆ ಕುಡಿಯುತ್ತಿದ್ದಳು. ಹಾಲು ಸಾಕಷ್ಟಿದ್ದುದರಿಂದ ಹೊನ್ನನಿಗೂ ಕೊಟ್ಟೆ. ಮಕ್ಕಳಿಗೆ ಕೊಡಲು ಮಂದಾರಳ ಬಳಿ ಏನೂ ಉಳಿಯಲಿಲ್ಲ. ಅವಳು ಬಟ್ಟೆ ಒಗೆದಳು, ಮುದ್ದೆ ತಿರುವಿದಳು, ಮಕ್ಕಳು ಕುಡಿಯುವಾಗ ಗೋಡೆಯ ಕಡೆ ನೋಡಿದಳು. ಅವಳ ಮುಖದಲ್ಲಿದ್ದದ್ದೇನೆಂದು ನನಗೆ ತಕ್ಷಣ ಗೊತ್ತಾಯಿತು. ತಿಂಗಳುಗಟ್ಟಲೆ ನನ್ನ ಮುಖದಲ್ಲೇ ಇತ್ತು ಅದು. ನನಗೆ ಕನಿಕರ ಬರಲಿಲ್ಲ.

ಒಂದು ಮಧ್ಯಾಹ್ನ ಒಡಲುಮಟ್ಟದಿಂದ ಮೇಲೆ ಬಂದಾಗ ತೊರೆ ಮಲಗಿದ್ದಳು. ನಾನು ಎತ್ತಿ ಹಾಲು ಕೊಟ್ಟೆ, ಕುಡಿದಳು. ಸಂಜೆಯ ಹೊತ್ತಿಗೆ ಎಲ್ಲವನ್ನೂ ಕಾರಿ, ಕತ್ತು ನಿಲ್ಲದೆ ತೋಳಿನ ಮೇಲೆ ಜೋತುಬಿದ್ದಳು. ನಾನು ಅಡುಗೆಮನೆಗೆ ಹೋಗಿ ನೋಡಿದೆ. ತೊಳೆದ ಬಾಟಲಿ ಬೋರಲಾಗಿತ್ತು, ಇನ್ನೂ ಒದ್ದೆಯಾಗಿತ್ತು.

"ಮಂದಾರ, ಬಾಟಲಿ ಕೊಟ್ಟೆಯಾ?"

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ನೀವು ಬರೋದು ತಡವಾಯ್ತು. ಅಳ್ತಾ ಇದ್ಲು. ನನ್ನ ನೋಡಿ ಕೈ ಚಾಚಿದ್ಲು ಅತ್ತಿಗೆ."

"ಎಷ್ಟು ಕೊಟ್ಟೆ?"

"ಪೂರ್ತಿ. ಇವತ್ತು ಮಾತ್ರ ಅಲ್ಲ. ನಿನ್ನೆನೂ ಕೊಟ್ಟೆ. ನೀರು ನೀರಾಗಿ ಮಾಡಿ ಕೊಟ್ರೆ ಏನೂ ಆಗಲ್ಲ ಅಂದ್ಕೊಂಡೆ," ಎಂದಳು.

ಕರುಳಿನೊಳಗೆ ಏನು ನಡೆಯಿತೆಂದು ನನಗೆ ಗಡಿಗೆಯಲ್ಲಿ ನೋಡಿದಷ್ಟೇ ಸ್ಪಷ್ಟವಾಗಿತ್ತು. ಬಂಟರು ಮಂದಾರ ಕೊಟ್ಟ ಸಿಹಿಯನ್ನು ತಿನ್ನುತ್ತ ಕೂತಿದ್ದರು. ಅದರ ಮೇಲೆ ನನ್ನ ಹಾಲು ಬಂದು ಬಿತ್ತು. ಅವರು ಅದನ್ನು ಮುಟ್ಟಲಿಲ್ಲ, ಅದು ಹಾಗೆಯೇ ನನ್ನ ಮಗಳ ರಕ್ತಕ್ಕೆ ಹೋಯಿತು. ಅವಳು ಕೊಟ್ಟ ಬಾಟಲಿಯಿಂದ ಮಗುವಿಗೆ ಏನೂ ಆಗುತ್ತಿರಲಿಲ್ಲ. ಮಗುವಿಗೆ ವಿಷವಾದದ್ದು ನನ್ನ ಹಾಲೇ.

ಬೈರೇಶ ಲಿಫ್ಟನ್ನು ಬೇರೆಯವರಿಗೆ ಒಪ್ಪಿಸಿ ಓಡಿಬಂದ. ಆಸ್ಪತ್ರೆಯಲ್ಲಿ ಡಾಕ್ಟರ್ ನಫೀಸಾ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸಿದರು. ಮಂದಾರ ಹೊನ್ನನನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಳು. ಅವನಿಗೆ ಹಸಿವಾಗಿ ಅಳುವಾಗಲೂ ನನ್ನ ಹತ್ತಿರ ತರಲಿಲ್ಲ. ಕೊನೆಗೆ ನಾನೇ ಹೋಗಿ ಅವನನ್ನು ಅವಳ ಕೈಯಿಂದ ಕಿತ್ತುಕೊಂಡು ಅವಳ ಪಕ್ಕದಲ್ಲೇ ಕೂತು ಕುಡಿಸಿದೆ.

ತೊರೆ ಉಳಿದಳು. ಕಣ್ಣು ತಿಳಿಯಾದ ದಿನ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಹೇಳಿದರು: "ಬಂಟರನ್ನು ಮುಂದುವರಿಸಬಹುದು. ಆದರೆ ಇನ್ನೆರಡು ತಿಂಗಳಿಗೆ ಇವಳು ಗಂಜಿ ತಿನ್ನುತ್ತಾಳೆ, ಬಾಳೆಹಣ್ಣು ತಿನ್ನುತ್ತಾಳೆ. ಯಾವುದರ ಸಿಹಿ ಯಾವಾಗ ಅಡ್ಡ ಬರುತ್ತದೋ ನಾನು ಹೇಳಲಾರೆ. ಮನೆಯಲ್ಲಿ ಯಾರೂ ಏನೂ ಕೊಡದ ಹಾಗೆ ನೀನು ಕಾಯಬಲ್ಲೆಯಾ?"

ಕಾಯಬಲ್ಲೆ ಎಂದು ಬಾಯಿಗೆ ಬಂತು. ಮಂದಾರಳನ್ನು ಮನೆಯಿಂದ ಕಳಿಸಿಬಿಟ್ಟರೆ ಕಾಯಬಲ್ಲೆ. ಕೆಲಸ ಬಿಟ್ಟು, ಬಾಗಿಲು ಹಾಕಿಕೊಂಡು, ಮಗುವಿನ ಬಾಯಿಗೆ ನನ್ನ ಹಾಲಲ್ಲದೆ ಇನ್ನೇನೂ ಹೋಗದಂತೆ ಕೂತಿರಬಲ್ಲೆ. ಹಾಗೆ ಯೋಚಿಸುವಾಗ ಎಷ್ಟು ಹಿತವಾಯಿತೆಂದರೆ ನನಗೇ ಭಯವಾಯಿತು.

"ಬೇಡ ಮೇಡಂ. ಬಂಟರನ್ನು ತೆಗೆದುಬಿಡಿ," ಎಂದೆ.

ಮನೆಗೆ ಬಂದು ಬಾಟಲಿ ತುಂಬಿಸಿ ಮಂದಾರಳ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. "ನೀವೇ ಕೊಡಿ," ಎಂದಳು. ನನ್ನ ಮಡಿಲಲ್ಲಿ ತೊರೆ ಎದೆ ತಡಕಿ ತಡಕಿ ಅತ್ತಳು. ಮಂದಾರ ಕೇಳುತ್ತ ನಿಂತಳು, ಕೊನೆಗೆ ತಡೆಯಲಾರದೆ ಕೈ ಚಾಚಿದಳು. ನಾನು ಕೊಟ್ಟೆ.

ಈಗ ತೊರೆಗೆ ವರ್ಷ ತುಂಬಿದೆ. ಮುದ್ದೆ, ಬೇಳೆಕಟ್ಟು ತಿನ್ನುತ್ತಾಳೆ. ಹೊನ್ನ ನನ್ನ ಸೆರಗು ಬಿಟ್ಟು ದೂರ ಹೋಗುವುದಿಲ್ಲ; ಅವನಿಗೆ ಇನ್ನೂ ಹಾಲು ಬೇಕು. ಅವನು ನನ್ನನ್ನು ಅಮ್ಮ ಎನ್ನುತ್ತಾನೆ, ಅದನ್ನು ಕೇಳಿದಾಗ ಮಂದಾರ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ. ತೊರೆ ಇನ್ನೂ ಯಾರನ್ನೂ ಅಮ್ಮ ಎಂದಿಲ್ಲ. ನಾವಿಬ್ಬರೂ ಕಾಯುತ್ತಿದ್ದೇವೆ, ಕಾಯುತ್ತಿಲ್ಲವೆಂಬಂತೆ ಇದ್ದೇವೆ.

ನನಗೆ ನಿಮ್ಮ ಮೇಲೂ ಹೊಟ್ಟೆಕಿಚ್ಚು. ನಿಮ್ಮಲ್ಲಿ ಎಷ್ಟೋ ಜನ ಬೇರೇನೋ ಯೋಚಿಸುತ್ತ, ಯಾರೊಂದಿಗೋ ಮಾತಾಡುತ್ತ, ಬೇಳೆ ಬೆಂದಿತೋ ಇಲ್ಲವೋ ಎಂದು ಒಲೆಯ ಕಡೆ ನೋಡುತ್ತ ಹಾಲು ಕುಡಿಸಿದಿರಿ. ನಿಮ್ಮಿಂದ ಒಂದೇ ಒಂದು ಕೇಳುತ್ತೇನೆ. ಎದೆಯಲ್ಲಿರುವ ಮಗು ಕುಡಿಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದಾಗ ಆ ಕಡೆ ಈ ಕಡೆ ನೋಡಬೇಡಿ. ಅದು ಬಹಳ ಸ್ವಲ್ಪ ಹೊತ್ತು. ನನಗೆ ಸಿಕ್ಕಿದ್ದು ಕೆಲವೇ ದಿನ, ನಾನು ಒಮ್ಮೆಯೂ ಕಣ್ಣು ಕೀಳಲಿಲ್ಲ.

ಮಂದಾರ ಹೊರಗಿನ ಜಗಲಿಯಲ್ಲಿ ತೊರೆಗೆ ಉಣಿಸುತ್ತಿದ್ದಾಳೆ. ನಗು ಕೇಳುತ್ತಿದೆ, ಯಾವುದು ಯಾರದೆಂದು ಇಲ್ಲಿಂದ ತಿಳಿಯದು. ಕಾಗದ ಮುಗಿಸಿ ಹೋಗಿ ಮಗುವನ್ನು ಕೇಳುತ್ತೇನೆ. ಅವಳು ಕೊಡುತ್ತಾಳೆ, ಯಾವಾಗಲೂ ಕೊಡುತ್ತಾಳೆ. ಕೊಡುವಾಗ ಅವಳ ಮುಖ ನೋಡಬಾರದು ಎಂದುಕೊಂಡೇ ಹೋಗುತ್ತೇನೆ, ಆದರೂ ನೋಡುತ್ತೇನೆ.

ಇಂತಿ,
ವಾರಿಜೆ