ಥೆಲ್ಮಾಳ ಅಂಗಳದ ಕೆಳಗೆ

ಜನವರಿ 14, ಭಾನುವಾರ

ಬೆಳಿಗ್ಗೆಯೇ ಇಳಿತ. ರಾತ್ರಿಯಿಡೀ ಪಶ್ಚಿಮದ ಗಾಳಿ ಬೀಸಿ ಕೊಲ್ಲಿಯ ನೀರನ್ನು ಆಚೆ ದಡಕ್ಕೆ ತಳ್ಳಿದೆ. ಇಂಥ ದಿನ ಮನೆಯಲ್ಲಿ ಕೂರುವುದು ಪಾಪ. ದಡದ ಮಣ್ಣಿನ ಗೋಡೆಯಿಂದ ಉದುರುವ, ಕಲ್ಲಾದ ಹಳೇ ಶಾರ್ಕ್ ಹಲ್ಲು ಹುಡುಕಲು ಇಳಿದೆ. ಎರಡು ಜೊತೆ ಕಾಲುಚೀಲ ಹಾಕಿಯೂ ಬೆರಳು ಮರಗಟ್ಟಿದವು. ಜರಡಿಗೆ ಬಂದದ್ದು ಬರೀ ಸಣ್ಣವು, ಮುರುಕು. ಕೊನೆಗೆ ಒಂದು ಮೇಕೊ ಶಾರ್ಕಿನ ಹಲ್ಲು. ಕಿರುಬೆರಳುದ್ದ, ಮುಕ್ಕಾಗಿಲ್ಲ, ಕಪ್ಪು ಗಾಜಿನ ಹಾಗೆ. ಕೋಟಿ ವರ್ಷ ಮಣ್ಣಿನಲ್ಲಿದ್ದು ಇವತ್ತು ನನ್ನ ಜೇಬಿಗೆ.

ಡ್ವೈಟ್ ಎದುರಾದ. ಅವನೂ ಹಲ್ಲು ಹುಡುಕುವವನೇ. ಮೊನ್ನೆ ನಮ್ಮ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ.

"ವಾರವೆಲ್ಲಾ ನಮ್ ಹಲ್ಲು ಕೆರೆಯೋದು ಸಾಲ್ದಾ ರೋವೀನಾ? ಭಾನುವಾರನೂ ಹಲ್ಲೇ ಬೇಕಾ?"

"ಇವಾದ್ರೂ ಬಾಯಿ ವಾಸನೆ ಹೊಡಿಯಲ್ಲ."

ಫೆಬ್ರವರಿ 3

ಎದುರುಮನೆಯ ಥೆಲ್ಮಾ ಜೊತೆ ಜಗಳ. ಜಗಳ ಅಂದರೆ ಅವಳು ಮಾತಾಡಿದಳು, ನಾನು ಕೇಳಿದೆ.

ಸಿಂಪಿಯ ಸಾರು ಮಾಡಿದ್ದೆ, ರಸ್ತೆ ದಾಟಿ ಕೊಡಲು ಹೋದೆ. ಅವಳ ಮನೆ ದಡದ ಮೇಲೆ ಗೋಡೆಯಂತೆ ನಿಂತ ಮಣ್ಣಿನ ಕಡಿಬಂಡೆಯ ತುದಿಯಲ್ಲಿ. ತೀರಿಹೋದ ಗಂಡ ಆಮೋಸ್ ಕಟ್ಟಿಸಿದಾಗ ಹಿತ್ತಲಲ್ಲಿ ಮಕ್ಕಳು ಬೇಸ್‌ಬಾಲ್ ಆಡುವಷ್ಟು ಜಾಗವಿತ್ತಂತೆ. ಈಗ ಬಟ್ಟೆ ಒಣಹಾಕುವಷ್ಟಿದೆ. ನಾನು ದಡ್ಡತನದಲ್ಲಿ, ಈ ಚಳಿಗಾಲ ಹಲ್ಲೇ ಸಿಗುತ್ತಿಲ್ಲ, ಮಣ್ಣು ಕುಸಿದಿಲ್ಲ ಅಂದುಬಿಟ್ಟೆ. ಬಾಯಿ ತಪ್ಪಿ ಬಂತು. ಅವಳು ಚಮಚ ಕೆಳಗಿಟ್ಟಳು.

"ಕುಸೀಲಿ ಅಂತ ಕಾಯ್ತಾ ಇದೀಯಾ?"

"ಹಾಗಲ್ಲ ಥೆಲ್ಮಾ..."

"ಹಾಗೇನೇ. ನಿಂಗೆ ಹಲ್ಲು ಸಿಗ್ಬೇಕಾದ್ರೆ ನನ್ ಅಂಗಳ ಬೀಳ್ಬೇಕು. ನನ್ ಮನೆ ಬಿದ್ ದಿನ ನಿಂಗೆ ಕ್ರಿಸ್‌ಮಸ್ಸು."

ಸಾರಿನ ಪಾತ್ರೆ ಅಲ್ಲೇ ಬಿಟ್ಟು ಮನೆಗೆ ಬಂದೆ.

ಫೆಬ್ರವರಿ 17

ಎರಡು ದಿನದಿಂದ ಈಶಾನ್ಯದ ಬಿರುಗಾಳಿ. ಕರೆಂಟಿಲ್ಲ. ಥೆಲ್ಮಾಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಅವಳ ಚಿಮಣಿಯಲ್ಲಿ ಹೊಗೆ ಇದೆ, ಅಷ್ಟು ಸಾಕು.

ಫೆಬ್ರವರಿ 19, ಸಂಜೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಕ್ಲಿನಿಕ್ಕಿಗೆ ರಜೆ. ಬೆಳಕಾಗುತ್ತಲೇ ರಸ್ತೆಯ ಕೊನೆಯ ಮರದ ಮೆಟ್ಟಿಲಿಳಿದು ದಡಕ್ಕೆ ಹೋದೆ. ಥೆಲ್ಮಾಳ ಹಿತ್ತಲು ಕೆಳಗೆ ಬಂದಿತ್ತು. ಬಟ್ಟೆ ಒಣಹಾಕುವ ಕಂಬ ಮರಳಿನಲ್ಲಿ ತಲೆಕೆಳಗಾಗಿ. ಮಣ್ಣಿನ ಹೆಂಟೆಯೊಂದು ನೀರಿನ ತನಕ ಉರುಳಿತ್ತು, ಅದರೊಳಗೆ — ಹಲ್ಲಿನ ಬುಡ. ನನ್ನ ಅಂಗೈಗಿಂತ ಅಗಲ. ಮೆಗಲೊಡಾನ್, ಎಂದೋ ಅಳಿದುಹೋದ ದೈತ್ಯ ಶಾರ್ಕಿನದು. ಇಪ್ಪತ್ತು ವರ್ಷ ಹುಡುಕಿ ಇಂಥದ್ದು ನೋಡಿಲ್ಲ. ಬರೀ ಕೈಯಲ್ಲೇ ಕೀಳಬಹುದಿತ್ತು.

ಮೇಲೆ ಯಾರೋ ಕೂಗಿದರು. ಥೆಲ್ಮಾ, ರಾತ್ರಿ ಅಂಗಿಯ ಮೇಲೆ ಗಂಡನ ಕೋಟು. ತುದಿಯಲ್ಲಿ ನಿಂತಿದ್ದಾಳೆ. ಅವಳಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಕಾಲ ಕೆಳಗೆ ಮಣ್ಣೇ ಇಲ್ಲ. ಬರೀ ಹುಲ್ಲಿನ ಬೇರು, ಕಪಾಟಿನ ಹಲಗೆಯ ಹಾಗೆ ಗಾಳಿಯಲ್ಲಿ ಚಾಚಿಕೊಂಡಿತ್ತು.

"ಹಿಂದಕ್ ಹೋಗು! ಕೆಳಗೆ ಟೊಳ್ಳು!"

"ಹುಡುಕ್ಕೋ, ಹುಡುಕ್ಕೋ! ನಾಚ್ಕೋಬೇಡ!"

"ಥೆಲ್ಮಾ, ದಮ್ಮಯ್ಯ, ಹಿಂದಕ್ಕೆ!"

ಗಾಳಿ ಮಾತನ್ನು ಹೊತ್ತುಕೊಂಡು ಹೋಯಿತು. ಅವಳು ಇನ್ನೂ ಬಗ್ಗಿದಳು, ನಾನೇನು ಅನ್ನುತ್ತಿದ್ದೇನೆ ಕೇಳಲು. ಹಲ್ಲಿನ ಕಡೆ ಒಂದು ಸಲ ನೋಡಿದೆ. ನೋಡಿದ್ದು ನಿಜ. ನೀರು ಏರುತ್ತಿತ್ತು. ಆಮೇಲೆ ಓಡಿದೆ.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಹಿಂದಿನಿಂದ ಹೋಗಿ ಕೋಟಿನ ಕಾಲರ್ ಹಿಡಿದು ಎಳೆದೆ. ಇಬ್ಬರೂ ಕೆಸರಿನಲ್ಲಿ ಅಂಗಾತ.

"ತಲೆ ಕೆಟ್ಟಿದೆಯೇನೇ ನಿಂಗೆ! ಆಮೋಸ್‌ನ ಕೋಟು ಕಣೇ ಇದು!"

ಬೈಸಿಕೊಳ್ಳುತ್ತಲೇ ಅವಳನ್ನು ನಮ್ಮ ಮನೆಗೆ ತಂದೆ. ಒಲೆಯ ಮೇಲೆ ಕಾಫಿ. ಅವಳು ಬೈಗುಳ ಮುಗಿಸಿರಲಿಲ್ಲ, ನೆಲ ಅದುರಿತು. ಕಪ್ಪುಗಳು ಕಿಣಿಕಿಣಿ ಅಂದವು. ಅವಳ ಮನೆಯ ಪಕ್ಕದಿಂದ ಹಿತ್ತಲು ಕಾಣುವ ಕಿಟಕಿಗೆ ಹೋದೆವು. ಅವಳು ನಿಂತಿದ್ದ ಜಾಗದಲ್ಲಿ ಆಕಾಶವಿತ್ತು.

ಆಮೇಲೆ ಅವಳೇ ಕೇಳಿದಳು.

"ಕೆಳಗೆ ಏನಾದ್ರೂ ಕಂಡಿತ್ತಾ?"

"ಒಂದು ದೊಡ್ಡದು."

"ಎಷ್ಟು?"

ಅಂಗೈ ಅಗಲಿಸಿ ತೋರಿಸಿದೆ.

"ಈಗ ಅದರ ಮೇಲೆ ನನ್ ಹಿತ್ಲು ಬಿದ್ದಿದೆ."

"ಹೂಂ."

"ದಡ್ಡಿ," ಅಂದಳು. ನನ್ನ ಕಾಫಿಗೆ ಹಾಲು ಹಾಕಿದಳು.

ಫೆಬ್ರವರಿ 21

ಕೌಂಟಿ ಆಡಳಿತದವರು ಬಂದು ಅವಳ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದರು. ಒಳಗೆ ವಾಸ ಮಾಡುವ ಹಾಗಿಲ್ಲ. ಡ್ವೈಟ್ ಟ್ರಕ್ ತಂದ. ಪಾತ್ರೆ, ಹಾಸಿಗೆ, ಫೋಟೊಗಳು ಎಲ್ಲ ನಮ್ಮ ಹಿಂದಿನ ಕೋಣೆಗೆ. ಅವಳು ಅಳಲಿಲ್ಲ. ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ತಿರುಗಿಸಿ ಜೋಡಿಸಿದಳು. ಈಗ ಉಪ್ಪು ಸಿಗುತ್ತಿಲ್ಲ.

ಮಾರ್ಚ್ 3, ಭಾನುವಾರ

ಹನ್ನೆರಡು ದಿನ ದಡಕ್ಕೆ ಹೋಗಿರಲಿಲ್ಲ. ಹೋಗಲು ಮುಜುಗರ. ಇವತ್ತು ಥೆಲ್ಮಾ ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದಳು.

"ಹೊರಡು. ನನ್ ಜಾಗ ಹೇಗಿದೆ ನೋಡ್ಬೇಕು."

ನಲವತ್ತು ವರ್ಷ ಮೇಲಿದ್ದವಳು, ಮೊದಲು ಪುರುಸೊತ್ತಿಲ್ಲ, ಆಮೇಲೆ ಮೊಣಕಾಲು ನೋವು ಅಂತ ಒಮ್ಮೆಯೂ ಇಳಿದಿರಲಿಲ್ಲ. ಒಂದೊಂದೇ ಮೆಟ್ಟಿಲು. ಕಡಿಬಂಡೆಯಿಂದ ದೂರ, ನೀರಿನ ಅಂಚಿನಲ್ಲೇ ನಡೆಸಿದೆ. ತಲೆಯೆತ್ತಿ ತನ್ನ ಮನೆ ನೋಡಿದಳು.

"ಇಷ್ಟು ಚಿಕ್ಕದಾ ಅದು?"

ನಾನು ಅಭ್ಯಾಸದಂತೆ ನೆಲ ನೋಡುತ್ತಾ ಇದ್ದೆ. ಪಾಚಿಯ ಸಾಲಿನಲ್ಲಿ ಹಸಿರು ಚಿಗುರು. ಎತ್ತಿದರೆ ಈರುಳ್ಳಿಯಂಥ ಗೆಡ್ಡೆ. ಅವಳಿಗೆ ಕೊಟ್ಟೆ.

"ಅಯ್ಯೋ, ನನ್ ಡ್ಯಾಫೊಡಿಲ್!" ಅಂದಳು. ಅಷ್ಟು ದಿನ ಅಳದವಳು ಅಲ್ಲಿ, ಆ ಗಾಳಿಯಲ್ಲಿ, ಗೆಡ್ಡೆಯನ್ನು ಎದೆಗೆ ಹಿಡಿದು ಅತ್ತಳು. ವಸಂತದಲ್ಲಿ ಹಳದಿ ಹೂ ಬಿಡುವ ಗೆಡ್ಡೆ, ಮದುವೆಯಾದ ವರ್ಷ ಆಮೋಸ್ ನೆಟ್ಟಿದ್ದಂತೆ. ಆಮೇಲೆ ಮೂಗೊರೆಸಿಕೊಂಡು, "ಏನ್ ನೋಡ್ತಾ ನಿಂತಿದೀಯಾ, ಕಣ್ ನಿಂದೇ ಚುರುಕು, ಹುಡುಕು" ಅಂದಳು.

ಅಲೆ ಗೆಡ್ಡೆಗಳನ್ನು ದಡದುದ್ದಕ್ಕೂ ಚೆಲ್ಲಿತ್ತು. ಜರಡಿ ತುಂಬ ಆರಿಸಿದೆವು. ಒಂದೆರಡು ಹಲ್ಲೂ ಮಿಂಚಿದವು. ಬಗ್ಗಲಿಲ್ಲ, ಜರಡಿಯಲ್ಲಿ ಜಾಗವಿರಲಿಲ್ಲ.

ಮಧ್ಯಾಹ್ನ

ಗೆಡ್ಡೆಗಳು ಸಿಹಿನೀರಿನ ಬಕೆಟ್ಟಿನಲ್ಲಿ. ಉಪ್ಪು ಕುಡಿದಿವೆ, ಈ ವರ್ಷ ಹೂ ಬಿಡುತ್ತವೋ ಇಲ್ಲವೋ. ಥೆಲ್ಮಾ ಆಗಲೇ ನಮ್ಮ ಹಿತ್ತಲಲ್ಲಿ ಗುದ್ದಲಿ ಹಿಡಿದಿದ್ದಾಳೆ. ನನ್ನ ಮಣ್ಣು ಸರಿಯಿಲ್ಲ, ಗೊಬ್ಬರವಿಲ್ಲ, ಬೇಲಿ ಸೊಟ್ಟ. ಎಲ್ಲಿ ನೆಡಬೇಕು ಅಂತ ಕಿಟಕಿ ಬಡಿದು ಕೇಳುತ್ತಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಕಾಣುವಂತೆ, ಹಿಂದಿನ ಕೋಣೆಯ ಕಿಟಕಿಯ ಕೆಳಗೇ ನೆಡೋಣ ಅಂತ ಹೇಳಲು ಹೊರಟೆ.