ಗುಬ್ಬಿಯ ಅರ್ಧ ಪುಟ

ಜುಲೈ ೧೭, ಗುರುವಾರ

ಎಲುಬಿಲ್ಲದ ನಾಲಿಗೆ ನನ್ನದು. ಮೂರನೇ ತರಗತಿಯ ಪ್ರತಿ ಮಗುವಿಗೂ ಅದರ ಶಕ್ತಿ ನೋಡಿ ಓದಿನ ಗುರಿಚೀಟಿ ಬರೆದುಕೊಟ್ಟವಳು ನಾನೇ. ನಮ್ಮ ಗುಬ್ಬಿಗೆ ದಿನಕ್ಕೆ ಎರಡು ಪುಟ. ಎರಡು ವಾರದಿಂದ ಅರ್ಧ ಪುಟಕ್ಕೇ ನಿಂತಿದ್ದಾಳೆಂದು ಇವತ್ತು ಎಲ್ಲರೆದುರು ಗದರಿಬಿಟ್ಟೆ.

“ಅಪ್ಪಂಗೂ ಹೇಳ್ಕೊಡ್ತಿದೀನಿ ಮಿಸ್. ಅವ್ರು ಒಂದೊಂದೇ ಅಕ್ಷರ ಕೂಡಿಸಿ ಓದೋದು,” ಅಂದಳು.

ಅಪ್ಪ ವೆಲ್ಡರ್, ಶಾಲೆಯ ಕಾಗದಗಳಿಗೆಲ್ಲ ಅವರದು ಹೆಬ್ಬೆಟ್ಟು. ತಪ್ಪಾಯ್ತು ಪುಟ್ಟಿ ಎಂದು, ಅಪ್ಪನಿಗೂ ಒಂದು ಚೀಟಿ ಬರೆದೆ: ದಿನಕ್ಕೆ ಎರಡು ಸಾಲು.

ಗುಬ್ಬಿ ಮೂಗು ಮುರಿದಳು. “ನಾಲ್ಕು ಬರೀರಿ ಮಿಸ್. ಕಡಿಮೆ ಕೊಟ್ರೆ ಸೋಮಾರಿ ಆಗ್ತಾರೆ.”

ನನ್ನದೇ ಮಾತು, ನನ್ನದೇ ಗತ್ತು! ಎರಡನ್ನು ಹೊಡೆದು ನಾಲ್ಕು ಮಾಡಿದೆ. ಯಾವ ಪುಣ್ಯಕ್ಕೆ ಈ ಮಗು ನನ್ನ ಪಾಲಿಗೆ ಬಂತೋ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಅಲ್ಲಿ ಮನೆಯಲ್ಲಿ ಅಪ್ಪ ಮಗಳಿಬ್ಬರೂ ಈಗ ಮೂರನೇ ಸಾಲಿನಲ್ಲಿ…