ಗರ್ಭಗುಡಿಯಿಂದ ಗಡೀಪಾರು

ಪರಮಪೂಜ್ಯ ಪಾದ್ರಿ ಅಜ್ಜನವರಿಗೆ ಮೊಮ್ಮಗಳು ಅಡ್ಡಬಿದ್ದು ಬರೆಯುವುದೇನೆಂದರೆ,

ಸಿಕ್ಕಿಬಿಟ್ಟಿತು ಅಜ್ಜಾ! ಮರಳಲ್ಲಿ ಹೂತ ಅದುಲಿಸ್ ಬಂದರಿನ ಮೊದಲ ಕಾಲದ ಚರ್ಚು, ಅದರ ಬಲಿಪೀಠದ ಕಲ್ಲು, ನಾನು ಅಗೆಯುತ್ತಿದ್ದ ಗುಂಡಿಯಲ್ಲೇ! ನಾನು ಕುಣಿಯುವಷ್ಟರಲ್ಲಿ ಮೇಸ್ತ್ರಿ ಬೆರಾಖಿ ಚಪ್ಪಲಿ ಬಿಟ್ಟು ಶಿಲುಬೆ ಗುರುತು ಹಾಕಿಕೊಂಡರು.

“ಏಳೇ ಲುವಾಮ್, ಆಚೆ ಬಾ! ಗರ್ಭಗುಡಿ ಅದು. ಪಾದ್ರಿಗಳನ್ನ ಬಿಟ್ಟು ಯಾರೂ ಕಾಲಿಡಂಗಿಲ್ಲ.”

“ಇಷ್ಟು ದಿನ ಇಲ್ಲೇ ಕೂತು ಬುತ್ತಿ ತಿಂದಿದೀನಲ್ಲ?”

“ಆಗ ಅದು ಬರೀ ಮಣ್ಣು ಕಣೇ!”

ಈಗ ಅವರೂ ಇಳಿಯುತ್ತಿಲ್ಲ, ಯಾರನ್ನೂ ಇಳಿಸುತ್ತಿಲ್ಲ. ಶನಿವಾರ ಈ ವರ್ಷದ ಉತ್ಖನನ ಮುಗಿಸಿ ಗುಂಡಿ ಮುಚ್ಚುತ್ತಾರೆ. ಆದ್ದರಿಂದ ತಾವು ಈ ಪತ್ರ ತಲುಪಿದೊಡನೆ ಅಸ್ಮರಾದಿಂದ ಮೊದಲ ಬಸ್ಸಿಗೇ ದಯಮಾಡಿಸಬೇಕು. ಮಂಡಿಗೆ ದಿಂಬು ಇಟ್ಟಿರುತ್ತೇನೆ. ತಾವು ಒಳಗೆ ಅಗೆಯಿರಿ. ನಾನು ಹೊರಗೆ ನಿಂತು, ಎಲ್ಲಿ ಎಷ್ಟು ಅಂತ ಹೇಳುತ್ತೇನೆ. ಕೇಳದೆ ಕೈಯಾಡಿಸಿದರೆ ಬೈಯುತ್ತೇನೆ.

ಇಂತಿ ತಮ್ಮ ಮೇಲಧಿಕಾರಿ,
ಲುವಾಮ್